ಜೀಪು ಅಂದ್ಮೇಲೆ ಸೋರಲೇಬೇಕಾ?

ಮಲೆನಾಡಿನ ಯಾವ ಗ್ಯಾರೇಜಿನ ಮುಂದಾದರೂ ಹತ್ತು ನಿಮಿಷ ನಿಲ್ಲಿ, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಜೀಪು ಸೋರ್ತಿಲ್ಲ ಅಂದ್ರೆ ಅದ್ರಲ್ಲಿ ಆಯಿಲೇ ಇಲ್ಲ ಅಂತ ಅರ್ಥ ಮಾರಾಯ." ಹೇಳಿದವರು ನಗುತ್ತಾರೆ. ಸುತ್ತ ನಿಂತವರೂ ನಗುತ್ತಾರೆ. ಕ್ರೌನ್ ಪಿನಿಯನ್ ಬದಲಾಯಿಸಲು ಸಾವಿರಗಟ್ಟಲೆ ಎಣಿಸಿ ಕೊಟ್ಟವನು ಮಾತ್ರ ಗಾಡಿ ಕೆಳಗೆ ಬಿದ್ದ ಕಪ್ಪು ಕಲೆ ನೋಡುತ್ತಾ ಸುಮ್ಮನೆ ನಿಂತಿರುತ್ತಾನೆ.

ಈ ನಗು ನಿಲ್ಲಬೇಕು. ಹೌಸಿಂಗ್ ಬಿಚ್ಚಿ ಗೇರು ಬದಲಾಯಿಸಿದ ಮೇಲೆ ಜೀಪು ಸೋರಿದರೆ ಅದು ಜೀಪಿನ ಹುಟ್ಟುಗುಣ ಅಲ್ಲ. ಕೆಲಸ ಅರ್ಧಕ್ಕೇ ನಿಂತಿದೆ ಅಂತ ಗಾಡಿ ಕೊಡುತ್ತಿರುವ ದೂರು. ಆ ದೂರು ಕೇಳಿಸಿಕೊಳ್ಳದೆ ಸೀಲಿನ ಮೇಲೆ ಸೀಲು ಹೊಡೆಯುವ ಗ್ಯಾರೇಜು, "ಸೀಸನ್ ಮುಗೀಲಿ, ನೋಡೋಣ" ಅಂತ ಬಾಡಿಗೆ ಹೊಡೆಯುವ ಮಾಲೀಕ, ದೊಡ್ಡ ಟೈರು ಹಾಕಿಸಿ ವಿಡಿಯೊ ಬಿಡುವ ಹುಡುಗರು, ಎಲ್ಲರೂ ಸೇರಿ ಘಾಟಿಯ ತಿರುವಿನಲ್ಲಿ ಬೇರೆಯವರ ಜೀವದ ಜತೆ ಆಟ ಆಡುತ್ತಿದ್ದಾರೆ. ಜೀವದ ಮಾತು ಯಾಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಗೇರು ಯಾಕೆ ಬದಲಾಯಿಸ್ತಾರೆ?

ಗೊತ್ತಿಲ್ಲದವರಿಗೆ ಎರಡು ಮಾತು. ಜೀಪಿನ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿ ಥರ ಉಬ್ಬಿಕೊಂಡಿರುವ ಭಾಗವೇ ಹೌಸಿಂಗ್. ಅದರೊಳಗೆ ಡಿಫರೆನ್ಶಿಯಲ್ ಇರುತ್ತದೆ. ಎಂಜಿನ್ ಕಡೆಯಿಂದ ಬರುವ ಶಾಫ್ಟು ಚಿಕ್ಕ ಪಿನಿಯನ್ ಅನ್ನು ತಿರುಗಿಸುತ್ತದೆ, ಪಿನಿಯನ್ ದೊಡ್ಡ ಕ್ರೌನನ್ನು ತಿರುಗಿಸುತ್ತದೆ, ಕ್ರೌನು ಚಕ್ರಗಳನ್ನು ತಿರುಗಿಸುತ್ತದೆ. ಫೋರ್ ವೀಲ್ ಗಾಡಿಯಾದರೆ ಮುಂದೆಯೂ ಇಂಥದ್ದೇ ಇನ್ನೊಂದು ಹೌಸಿಂಗ್.

ಕ್ರೌನಿನಲ್ಲಿ 39 ಹಲ್ಲು, ಪಿನಿಯನ್‌ನಲ್ಲಿ 8 ಹಲ್ಲು ಇದ್ದರೆ ಲೆಕ್ಕ 4.88. ಅದೇ 43 ಮತ್ತು 8 ಇದ್ದರೆ 5.38. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿ ಇದ್ದದ್ದು 4.88. ಆಮೇಲೆ ಬಂದ, ಮಹೀಂದ್ರಾ ನಮ್ಮ ದೇಶದಲ್ಲಿ ದಶಕಗಳ ಕಾಲ ತಯಾರಿಸಿದ ಸಿಜೆ-3ಬಿ ಜೀಪಿನಲ್ಲಿ 5.38. ಸಂಖ್ಯೆ ದೊಡ್ಡದಾದಷ್ಟೂ ಎಳೆಯುವ ಶಕ್ತಿ ಹೆಚ್ಚು, ಓಟ ಕಡಿಮೆ. ಟೈರು ದೊಡ್ಡದು ಮಾಡಿದರೆ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ, ಆಗ ದೊಡ್ಡ ಸಂಖ್ಯೆಯ ಕ್ರೌನ್ ಪಿನಿಯನ್ ಹುಡುಕುತ್ತಾರೆ. ಟಾರ್ ರಸ್ತೆಯಲ್ಲಿ ಹೆಚ್ಚು ಓಡಿಸುವವರು ಚಿಕ್ಕ ಸಂಖ್ಯೆಯದ್ದು ಹುಡುಕುತ್ತಾರೆ. ಹಲ್ಲು ಮುರಿದು ಅನಿವಾರ್ಯವಾಗಿ ಬದಲಾಯಿಸುವವರು ಬೇರೆ.

ಕಟ್ಟಿನಹೊಳೆ ಕಡೆಯಿಂದ ಕೊಡಚಾದ್ರಿ ಹತ್ತುವ ಜೀಪು, ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಹೋಗುವ ಜೀಪು, ಕಾಫಿ ತೋಟಕ್ಕೆ ಆಳು ಗೊಬ್ಬರ ಎರಡನ್ನೂ ಸಾಗಿಸುವ ಜೀಪು, ಇವೆಲ್ಲ ಷೋಕಿಗೆ ಓಡುವ ಗಾಡಿಗಳಲ್ಲ. ಇವುಗಳಿಂದ ಮನೆ ನಡೆಯುತ್ತದೆ. ಗೇರು ಬದಲಾಯಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಬದಲಾಯಿಸಿದ ಮೇಲೆ ಸೋರುವುದನ್ನು ಮಾಮೂಲಿ ಅಂತ ಒಪ್ಪಿಕೊಂಡಿದ್ದೇವಲ್ಲ, ನನ್ನ ತಕರಾರು ಅದರ ಮೇಲೆ.

ಒಂದು ಹನಿ ಎಲ್ಲಿಗೆ ಹೋಗುತ್ತದೆ?

ಮೊದಲು ಲೆಕ್ಕ ಹಾಕೋಣ. ಸುಮಾರು 20 ಹನಿ ಸೇರಿದರೆ 1 ಮಿಲಿ ಲೀಟರ್. ಜೀಪಿನ ಒಂದು ಹೌಸಿಂಗ್ ಹಿಡಿಯುವುದು ಹೆಚ್ಚೆಂದರೆ ಒಂದೂವರೆ ಲೀಟರ್ ಗೇರ್ ಆಯಿಲ್. ದಿನಕ್ಕೆ 200 ಹನಿ ಬಿದ್ದರೆ 10 ಮಿಲಿ ಲೀಟರ್ ಆಯ್ತು. ತಿಂಗಳಿಗೆ 300. ನಾಲ್ಕು ತಿಂಗಳಿಗೆ 1,200. "ಸ್ವಲ್ಪ ಬೆವರ್ತಿದೆ ಅಷ್ಟೇ" ಅಂತ ಬಿಟ್ಟ ಗಾಡಿಯ ಹೌಸಿಂಗ್ ಮಳೆಗಾಲ ಮುಗಿಯುವುದರೊಳಗೆ ಬಹುಪಾಲು ಖಾಲಿ. ಹೊಸದಾಗಿ ಹಾಕಿಸಿದ ಕ್ರೌನ್ ಪಿನಿಯನ್ ಒಣಗಿ, ಕಾದು, ಹಲ್ಲು ತಿಂದುಕೊಂಡು ಕೂಗಲು ಶುರು ಮಾಡುತ್ತದೆ. ಕೆಲವು ನೂರು ರೂಪಾಯಿಯ ಸೀಲಿಗೆ ಹಿಂದೆಮುಂದೆ ನೋಡಿ ಸಾವಿರಾರು ರೂಪಾಯಿಯ ಗೇರು ಕಳೆದುಕೊಳ್ಳುವ ಲೆಕ್ಕ ಇದು.

ಹೋಗಲಿ, ಅದು ದುಡ್ಡು. ಇನ್ನೊಂದು ಹನಿ ನೆಲಕ್ಕೆ ಬೀಳುವುದೇ ಇಲ್ಲ. ಗೇರು ಬದಲಾಯಿಸಬೇಕಾದರೆ ಎರಡೂ ಕಡೆಯ ಆಕ್ಸಲ್ ಶಾಫ್ಟು ಎಳೆಯಲೇಬೇಕು. ವಾಪಸ್ ಹಾಕುವಾಗ ಶಾಫ್ಟಿನ ತುದಿಯ ಹಲ್ಲುಗಳು ಸೀಲಿನ ರಬ್ಬರ್ ತುಟಿಗೆ ಉಜ್ಜಿದರೆ ಅಲ್ಲಿಗೆ ಅದು ಹರಿದಂತೆ. ಆಮೇಲೆ ಆಯಿಲ್ ಕೊಳವೆಯೊಳಗೇ ಹರಿದು ಚಕ್ರದ ಕಡೆ ಹೋಗಿ ಬ್ರೇಕ್ ಡ್ರಮ್ಮಿನೊಳಗೆ ಸೇರುತ್ತದೆ. ಲೈನರ್ ನೆನೆಯುತ್ತದೆ. ಹೊರಗಿನಿಂದ ನೋಡಿದರೆ ಒಂದು ಹನಿಯೂ ಕಾಣದೆ ಇರಬಹುದು.

ಈಗ ಆ ಗಾಡಿಯಲ್ಲಿ ಎಂಟು ಜನ ಕೂತಿದ್ದಾರೆ, ಕೊಡಚಾದ್ರಿ ಇಳಿಯುತ್ತಿದೆ, ಮಳೆ ಬಂದು ಮಣ್ಣು ಜಾರುತ್ತಿದೆ ಅಂತ ಇಟ್ಟುಕೊಳ್ಳಿ. ಡ್ರೈವರ್ ಬ್ರೇಕ್ ತುಳಿಯುತ್ತಾನೆ. ಒಂದು ಚಕ್ರ ಹಿಡಿಯುತ್ತದೆ, ಆಯಿಲ್ ಕುಡಿದ ಇನ್ನೊಂದು ಚಕ್ರ ಹಿಡಿಯುವುದಿಲ್ಲ. ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಆ ಪಕ್ಕದಲ್ಲಿ ಗುಡ್ಡ ಇದೆಯೋ ಪ್ರಪಾತ ಇದೆಯೋ ಅನ್ನುವುದು ಅವರ ಅದೃಷ್ಟ. ಜೀವದ ಮಾತು ಬಂದದ್ದು ಇದಕ್ಕೆ. ಡಿಫರೆನ್ಶಿಯಲ್ ಸೀಲ್ ಅಂದರೆ ಬರೀ ಆಯಿಲಿನ ವಿಷಯ ಅಂದುಕೊಂಡವರು ಡ್ರಮ್ ಬಿಚ್ಚಿ ನೋಡಿಲ್ಲ ಅಂತ ಅರ್ಥ.

ಲೈನರ್ ಒಮ್ಮೆ ಗೇರ್ ಆಯಿಲಿನಲ್ಲಿ ನೆನೆದರೆ ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಮರಳು ಕಾಗದ ಹಾಕಿ ಉಜ್ಜಿದರೆ ಸಾಲುವುದಿಲ್ಲ. ಒಳಗೆ ಇಳಿದ ಆಯಿಲ್ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಹೊಸ ಲೈನರೇ ಹಾಕಬೇಕು, ಅದೂ ಎರಡೂ ಚಕ್ರಕ್ಕೆ. ಈ ಖರ್ಚನ್ನು ಯಾರು ಕೊಡಬೇಕು ಅನ್ನುವ ಜಗಳ ಆಮೇಲೆ ಇದ್ದದ್ದೇ.

ಸೀಲು ಯಾಕೆ ಸೋರುತ್ತದೆ?

ಆಯಿಲ್ ಸೀಲ್ ಅಂದರೆ ಒಂದು ಕಬ್ಬಿಣದ ಬಳೆ, ಅದಕ್ಕೆ ಅಂಟಿದ ರಬ್ಬರ್ ತುಟಿ, ತುಟಿಯನ್ನು ಒತ್ತಿ ಹಿಡಿಯುವ ಒಂದು ತೆಳ್ಳನೆ ಸ್ಪ್ರಿಂಗು. ಇಷ್ಟೇ. ಜೀಪು 40 ಕಿಲೋಮೀಟರ್ ವೇಗದಲ್ಲಿ ಹೋಗುವಾಗ 5.38ರ ಪಿನಿಯನ್ ನಿಮಿಷಕ್ಕೆ ಸುಮಾರು 1,500 ಸುತ್ತು ತಿರುಗುತ್ತದೆ. ಪಿನಿಯನ್‌ಗೆ ಕೂರಿಸಿದ ಫ್ಲೇಂಜಿನ ಕುತ್ತಿಗೆ ಮೇಲೆ ಈ ತುಟಿ ಸವರಿಕೊಂಡೇ ಇರುತ್ತದೆ. ಇಂಥ ಜಾಗದಲ್ಲಿ ಒಂದು ಕೂದಲೆಳೆಯಷ್ಟು ಗೀರು ಇದ್ದರೂ ಆಯಿಲಿಗೆ ಅದು ರಾಜಮಾರ್ಗ.

ಗೇರು ಬದಲಾಯಿಸಿದ ಮೇಲೆ ಸೋರುವ ಕಾರಣಗಳು ಲೆಕ್ಕವಿಲ್ಲದಷ್ಟೇನೂ ಇಲ್ಲ. ಒಂದೊಂದಾಗಿ ನೋಡಿ, ಯಾವುದಕ್ಕೆ ಸೀಲು ಹೊಣೆ ಅಂತ ನೀವೇ ಹೇಳಿ.

ಹಳೆ ಫ್ಲೇಂಜ್. ವರ್ಷಗಟ್ಟಲೆ ತುಟಿ ಉಜ್ಜಿದ ಜಾಗದಲ್ಲಿ ಗೆರೆ ಬಿದ್ದು ಕಾಲುವೆ ಆಗಿರುತ್ತದೆ. ಉಗುರು ಹಾಕಿ ಎಳೆದರೆ ಉಗುರು ಸಿಕ್ಕಿಕೊಳ್ಳುತ್ತದೆ. ಆ ಗೆರೆ ಮೇಲೆ ಎಂಥ ಕಂಪನಿಯ ಹೊಸ ಸೀಲು ಕೂರಿಸಿದರೂ ಅದು ಸೋರುತ್ತದೆ. ಫ್ಲೇಂಜ್ ಬದಲಾಯಿಸಬೇಕು, ಇಲ್ಲವೇ ಅದರ ಮೇಲೆ ತೆಳುವಾದ ಸ್ಲೀವ್ ಕೂರಿಸಬೇಕು.

ಸುತ್ತಿಗೆ ಏಟು. ಸೀಲನ್ನು ಒಂದೇ ಸಮನಾಗಿ, ಅದೇ ಅಳತೆಯ ಬಳೆಯೋ ಪೈಪೋ ಇಟ್ಟು ಒತ್ತಬೇಕು. ನಮ್ಮಲ್ಲಿ ನೇರ ಸುತ್ತಿಗೆಯಲ್ಲೇ ಒಂದು ಕಡೆಯಿಂದ ಹೊಡೆಯುತ್ತಾರೆ. ಬಳೆ ಓರೆಯಾಗುತ್ತದೆ, ಒಳಗಿನ ಸ್ಪ್ರಿಂಗು ಎಗರಿ ಬೀಳುತ್ತದೆ. ಬಿದ್ದದ್ದು ಯಾರಿಗೂ ಗೊತ್ತಾಗುವುದಿಲ್ಲ. ಒಣ ತುಟಿಗೆ ಒಂದು ಬೆರಳು ಆಯಿಲ್ ಸವರುವುದಕ್ಕೂ ಪುರುಸೊತ್ತಿಲ್ಲ. ಒಣ ರಬ್ಬರು ಮೊದಲ ಕಿಲೋಮೀಟರಿನಲ್ಲೇ ಸುಡುತ್ತದೆ.

ಬೇರಿಂಗ್ ಸಡಿಲ. ಪಿನಿಯನ್ ಬೇರಿಂಗುಗಳನ್ನು ಇಷ್ಟೇ ಬಿಗಿ ಅಂತ ಅಳತೆ ನೋಡಿ ಕೂರಿಸಬೇಕು. ಕೆಲವು ಗಾಡಿಗಳಲ್ಲಿ ಶಿಮ್ ಹಾಕಿ ಆ ಬಿಗಿ ಹೊಂದಿಸುತ್ತಾರೆ, ಕೆಲವದರಲ್ಲಿ ಒತ್ತಿದಾಗ ಕುಗ್ಗುವ ಒಂದು ಸ್ಲೀವ್ ಇರುತ್ತದೆ. ಒಮ್ಮೆ ಕುಗ್ಗಿದ ಸ್ಲೀವನ್ನು ಮತ್ತೆ ಬಳಸಿದರೆ, ಹಳೆ ನಟ್ಟನ್ನೇ ಅಂದಾಜಿನಲ್ಲಿ ತಿರುವಿದರೆ, ಪಿನಿಯನ್ ಅಲ್ಲಾಡುತ್ತದೆ. ಅಲ್ಲಾಡುವ ಶಾಫ್ಟಿನ ಸುತ್ತ ಯಾವ ಸೀಲೂ ಬದುಕುವುದಿಲ್ಲ. ಮೂರು ತಿಂಗಳಿಗೆ ಮೂರು ಪಿನಿಯನ್ ಸೀಲು ಬದಲಾಯಿಸಿದ ಗಾಡಿ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಬೇರಿಂಗನ್ನು.

ಸ್ಪ್ಲೈನಿನ ದಾರಿ. ಫ್ಲೇಂಜು ಪಿನಿಯನ್ ಮೇಲೆ ಕೂರುವ ಹಲ್ಲುಗಳ ಸಂದಿಯಲ್ಲೂ ಆಯಿಲ್ ಬರುತ್ತದೆ, ನಟ್ಟಿನ ಪಕ್ಕದಿಂದ ಹೊರಗೆ ಜಿನುಗುತ್ತದೆ. ನೋಡುವವರಿಗೆ ಸೀಲೇ ಸೋರಿದಂತೆ ಕಾಣುತ್ತದೆ. ಸ್ಪ್ಲೈನಿಗೂ ವಾಷರಿನ ಕೆಳಗೂ ಸ್ವಲ್ಪ ಪೇಸ್ಟ್ ಸವರಿದರೆ ಮುಗಿಯುವ ಕೆಲಸಕ್ಕೆ ಸೀಲಿನ ಮೇಲೆ ಸೀಲು ಬಲಿ.

ಮುಚ್ಚಿಹೋದ ಬ್ರೀದರ್. ಇದು ನಮ್ಮ ಕಡೆಯ ದೊಡ್ಡ ರೋಗ, ಯಾರೂ ತಲೆ ಕೆಡಿಸಿಕೊಳ್ಳದ ರೋಗ. ಹೌಸಿಂಗಿನ ಮೇಲೆ ಉಸಿರಾಡಲು ಒಂದು ಚಿಕ್ಕ ತೂತು ಇರುತ್ತದೆ, ಅದಕ್ಕೊಂದು ಟೋಪಿ. ಕೆಸರು ಹತ್ತಿ ಅದು ಮುಚ್ಚಿದರೆ ಒಳಗಿನ ಗಾಳಿ ಕಾದು ಹೊರಗೆ ಹೋಗಲು ದಾರಿ ಇಲ್ಲ. 25 ಡಿಗ್ರಿ ಇದ್ದ ಗಾಳಿ 90 ಡಿಗ್ರಿಗೆ ಕಾದರೆ ಒತ್ತಡ ಸುಮಾರು ಐದನೇ ಒಂದು ಪಾಲು ಏರುತ್ತದೆ. ಆ ಒತ್ತಡ ಹೊಚ್ಚ ಹೊಸ ಸೀಲನ್ನೂ ತಳ್ಳಿಕೊಂಡು ಆಯಿಲ್ ಹೊರಗೆ ಹಾಕುತ್ತದೆ. ಆಮೇಲೆ ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಅದೇ ಸೀಲಿನಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಆಯಿಲ್ ಹಾಲು ಹಾಕಿದ ಚಹಾದ ಬಣ್ಣದಲ್ಲಿ ಬಂತಾ? ನೀರು ಸೇರಿದೆ ಅಂತಲೇ ಅರ್ಥ.

ಕಂಠಮಟ್ಟ ಆಯಿಲ್. ಗಾಡಿ ಸಮತಟ್ಟು ನೆಲದ ಮೇಲೆ ನಿಂತಿರುವಾಗ ಆಯಿಲ್ ಹಾಕುವ ತೂತಿನ ಕೆಳ ಅಂಚಿಗೆ ಬಂದರೆ ಸಾಕು. "ಇನ್ನೊಂದು ಸ್ವಲ್ಪ ಇರ್ಲಿ" ಅಂತ ಒಂದು ಕಡೆ ಜಾಕ್ ಎತ್ತಿ ತುಂಬುವವರಿದ್ದಾರೆ. ಹೆಚ್ಚಾದದ್ದು ಎಲ್ಲಿಂದಲಾದರೂ ಹೊರಗೆ ಬರಲೇಬೇಕು.

ಎಣಿಸಿ ನೋಡಿ. ಆರು ಕಾರಣ ಹೇಳಿದೆ. ಒಂದರಲ್ಲೂ ಸೀಲಿನ ತಪ್ಪಿಲ್ಲ. ನಕಲಿ ಸೀಲು ಮಾರುಕಟ್ಟೆಯಲ್ಲಿ ಇಲ್ಲ ಅಂತಲ್ಲ, ಖಂಡಿತ ಇದೆ. ಆದರೆ ಪ್ರತಿ ಸೋರಿಕೆಗೂ "ಡೂಪ್ಲಿಕೇಟ್ ಮಾಲು ಬಂದ್ಬಿಡ್ತು ಅಣ್ಣ" ಅನ್ನುವುದು ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಮೊದಲು ಒರೆಸಿ, ಆಮೇಲೆ ಬಿಚ್ಚಿ

ಸೋರಿಕೆ ಎಲ್ಲಿಂದ ಅಂತ ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ. ಹೌಸಿಂಗನ್ನು ಡೀಸೆಲ್ ಹಾಕಿ ತೊಳೆದು ಬಟ್ಟೆಯಲ್ಲಿ ಪೂರ್ತಿ ಒಣಗಿಸಿ. ಮೇಲೆ ಮುಖಕ್ಕೆ ಹಾಕುವ ಪೌಡರ್ ತೆಳುವಾಗಿ ಉದುರಿಸಿ. ಒಣ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಾಕಿ ನೋಡಿ. ಪೌಡರ್ ಎಲ್ಲಿ ಮೊದಲು ನೆನೆದಿದೆಯೋ ಅಲ್ಲಿಂದ ಸೋರುತ್ತಿದೆ. ಗಾಳಿಗೆ ಆಯಿಲ್ ಹಿಂದಕ್ಕೆ ಹಾರುವುದರಿಂದ ಮುಂದಿನ ತುದಿಯ ಒದ್ದೆಯನ್ನೇ ಮೂಲ ಅಂತ ತಿಳಿಯಬೇಕು.

ವಾಸನೆ ನೋಡಿ. ಗೇರ್ ಆಯಿಲಿಗೆ ಕೊಳೆತ ಗಂಧಕದ ವಾಸನೆ ಇರುತ್ತದೆ. ಚಕ್ರದ ಒಳಗಡೆ ಒದ್ದೆ ಇದ್ದು ಈ ವಾಸನೆ ಬಂದರೆ ಆಕ್ಸಲ್ ಸೀಲ್. ನೀರಿನಂತೆ ತೆಳುವಾಗಿದ್ದು ಈ ವಾಸನೆ ಇಲ್ಲದಿದ್ದರೆ ಅದು ಬ್ರೇಕ್ ಆಯಿಲ್ ಇರಬಹುದು, ಆಗ ಗಾಡಿ ಅಲ್ಲೇ ನಿಲ್ಲಿಸಿ. ಎಂಜಿನ್ ಆಯಿಲ್ ಹಿಂದಕ್ಕೆ ಹಾರಿ ಬಂದು ಹೌಸಿಂಗ್ ಮೇಲೆ ಕೂತು ಎಲ್ಲರನ್ನೂ ಏಮಾರಿಸುವುದೂ ಉಂಟು.

ಪಿನಿಯನ್ ಕಡೆ ಸೋರುತ್ತಿದ್ದರೆ ಶಾಫ್ಟು ಬಿಚ್ಚಿ, ಫ್ಲೇಂಜನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ನೋಡದೆ ಸೀಲು ಮುಟ್ಟಬೇಡಿ. ಎಲ್ಲಕ್ಕಿಂತ ಮೊದಲು ಬ್ರೀದರ್ ಬಿಚ್ಚಿ ಡೀಸೆಲಿನಲ್ಲಿ ತೊಳೆಯಿರಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಹಳ್ಳ ದಾಟುವ ಗಾಡಿಯಾದರೆ ಬ್ರೀದರಿನಿಂದ ಒಂದು ರಬ್ಬರ್ ಪೈಪು ಎಳೆದು ಬಾಡಿಯ ಮೇಲ್ಭಾಗಕ್ಕೆ ಕಟ್ಟಿ, ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಅದು ಉಸಿರಾಡಲಿ.

ಮುಂದಿನ ಹೌಸಿಂಗಿನದ್ದು ಇನ್ನೊಂದು ಕಥೆ. ಹಲವು ಜೀಪುಗಳಲ್ಲಿ ಮುಂದಿನ ಆಕ್ಸಲಿನ ಒಳ ಸೀಲುಗಳು ಕೊಳವೆಯೊಳಗೆ ಡಿಫರೆನ್ಶಿಯಲ್ ಪಕ್ಕದಲ್ಲೇ ಕೂತಿರುತ್ತವೆ. ಅವು ಹರಿದರೆ ಆಯಿಲ್ ನಕಲ್ ಒಳಗೆ ಹೋಗಿ ಅಲ್ಲಿಂದ ಸುರಿಯುತ್ತದೆ. ನಕಲ್ ಪ್ಯಾಕಿಂಗ್ ಹೋಗಿದೆ ಅಂತ ಅದನ್ನು ಬದಲಾಯಿಸುತ್ತಾರೆ, ಸೋರುವುದು ನಿಲ್ಲುವುದಿಲ್ಲ. ಒಳ ಸೀಲು ಹಾಕಬೇಕಾದರೆ ಡಿಫರೆನ್ಶಿಯಲ್ ಮತ್ತೆ ಪೂರ್ತಿ ಇಳಿಸಬೇಕು. ಆದ್ದರಿಂದ ಗೇರು ಬದಲಾಯಿಸಲು ಬಿಚ್ಚಿದಾಗಲೇ ಒಳಗಿನ ಎಲ್ಲ ಸೀಲೂ ಹೊಸದು ಹಾಕಬೇಕು. "ಹಳೇದು ಚೆನ್ನಾಗೇ ಇದೆ" ಅಂತ ಉಳಿಸಿದ ನೂರಿನ್ನೂರು ರೂಪಾಯಿಗೆ ಎರಡನೇ ಸಲ ಪೂರ್ತಿ ಕೂಲಿ ಕೊಡಬೇಕಾಗುತ್ತದೆ.

ಮುಲಾಮು ಹಚ್ಚುವ ಚಾಳಿ

ಸರಿಯಾದ ಕೆಲಸ ಕಷ್ಟ, ಮುಲಾಮು ಸುಲಭ. ಸೋರುವ ಜಾಗಕ್ಕೆ ಹೊರಗಿನಿಂದ ಎಂ-ಸೀಲ್ ಮೆತ್ತುವುದು. ಆಯಿಲ್ ಇರುವ ಮೈ ಮೇಲೇ ಪೇಸ್ಟ್ ಬಳಿದು ಐದು ನಿಮಿಷಕ್ಕೆ ಗಾಡಿ ಹೊರಗೆ ಕಳಿಸುವುದು. ಆಯಿಲಿಗೆ ಗ್ರೀಸ್ ಕಲಸಿ ತುಂಬುವುದು. ಗ್ರೀಸ್ ಗಟ್ಟಿಯಾಗಿ ಒಂದು ಪಕ್ಕಕ್ಕೆ ಅಂಟಿಕೊಂಡು ಕೂರುತ್ತದೆ, ಪಿನಿಯನ್ ಬೇರಿಂಗಿಗೆ ಹೋಗಬೇಕಾದ ಆಯಿಲ್ ಹೋಗುವುದಿಲ್ಲ. ಸೋರುವುದು ನಿಂತಿತು ಅಂತ ಖುಷಿಪಡುವಷ್ಟರಲ್ಲಿ ಬೇರಿಂಗು ಕೂಗುತ್ತದೆ. ಇನ್ನು ಕೆಲವರು ಎಂಜಿನ್ನಿನಿಂದ ಇಳಿಸಿದ ಹಳೆ ಆಯಿಲ್ಲನ್ನೇ ಹೌಸಿಂಗಿಗೆ ಸುರಿಯುತ್ತಾರೆ, "ಹೇಗೂ ಸೋರಿ ಹೋಗತ್ತಲ್ಲ" ಅಂತ. ಈ ಕ್ರೌನ್ ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಕಚ್ಚುವಂಥವು. ಅವುಗಳಿಗೆ ಜಿಎಲ್-5 ದರ್ಜೆಯ ಗೇರ್ ಆಯಿಲೇ ಬೇಕು. ಡಬ್ಬದ ಮೇಲೆ 80ಡಬ್ಲ್ಯು-90, ಜಿಎಲ್-5 ಅಂತ ಬರೆದಿರುತ್ತದೆ, ಓದಿ ತನ್ನಿ.

ಸೋರಿದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಕೊಡಚಾದ್ರಿ ಬೆಟ್ಟದಲ್ಲಿ ಸೌಪರ್ಣಿಕಾ ಹುಟ್ಟುತ್ತಾಳೆ. ಬೆಟ್ಟದ ದಾರಿಯಲ್ಲಿ ಬಿದ್ದ ಗೇರ್ ಆಯಿಲ್ ಮೊದಲ ಮಳೆಗೆ ಹಳ್ಳ ಸೇರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಗೇರ್ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಗ್ಯಾರೇಜಿನ ಹಿಂದಿನ ಚರಂಡಿಗೆ ಚೆಲ್ಲುವುದೂ, ದಾರಿಯುದ್ದಕ್ಕೂ ಹನಿಸುತ್ತಾ ಹೋಗುವುದೂ ನೀರಿಗೆ ಒಂದೇ.

ಮಾಲೀಕರೇ, ನಿಮಗೂ ಎರಡು ಮಾತು

ಮೆಕ್ಯಾನಿಕ್‌ಗಳನ್ನು ಬೈದು ಮುಗಿಸಿದರೆ ಅನ್ಯಾಯ ಆಗುತ್ತದೆ. ಅವರ ಕಡೆಯ ಮಾತೂ ಇದೆ, ಅದರಲ್ಲಿ ನಿಜವೂ ಇದೆ. ಬೆಳಿಗ್ಗೆ ಗಾಡಿ ತಂದು ಬಿಟ್ಟು "ಸಂಜೆ ಆರಕ್ಕೆ ಬೇಕು, ನಾಳೆ ಟ್ರಿಪ್ ಇದೆ" ಅನ್ನುವವರು ನೀವು. ಬೇರಿಂಗ್ ಹೊಸದು ಹಾಕಣ್ಣ ಅಂದರೆ "ಇರೋದನ್ನೇ ಹಾಕು, ಆಮೇಲೆ ನೋಡೋಣ" ಅನ್ನುವವರೂ ನೀವೇ. ಗುಜರಿಯಿಂದ ಹಳೆ ಕ್ರೌನ್ ಪಿನಿಯನ್ ತಂದು ಕೊಟ್ಟು ಹೊಸದರ ಗ್ಯಾರಂಟಿ ಕೇಳುತ್ತೀರಿ. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನಲ್ಲಿ ಪಿನಿಯನ್ ನಟ್ಟು ಅಂದಾಜಿನಲ್ಲೇ ಬಿಗಿಯಾಗುತ್ತದೆ ಅಂತ ಗೊತ್ತಿದ್ದೂ ಕೂಲಿ ಕಡಿಮೆ ಅಂತ ಅಲ್ಲಿಗೇ ಹೋಗುತ್ತೀರಿ.

ಗೇರು ಹಾಕಿಸಿದ ಮಾರನೇ ದಿನವೇ ಹತ್ತು ಜನರನ್ನು ತುಂಬಿಕೊಂಡು ಬೆಟ್ಟ ಹತ್ತಿಸುವುದು ಇನ್ನೊಂದು ದೊಡ್ಡ ತಪ್ಪು. ಹೊಸ ಗೇರಿನ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವ ತನಕ ವಿಪರೀತ ಕಾಯುತ್ತವೆ. ಮೊದಲ ಸಲ 15–20 ನಿಮಿಷ ನಿಧಾನಕ್ಕೆ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಬೇಕು. ಹೀಗೆ ಕೆಲವು ಸಲ ಮಾಡಬೇಕು. ಮೊದಲ 800 ಕಿಲೋಮೀಟರ್ ಭಾರ ಎಳೆಯಬಾರದು, ಅದಾದ ಮೇಲೆ ಆಯಿಲ್ ಬದಲಾಯಿಸಬೇಕು, ಏಕೆಂದರೆ ಅದರಲ್ಲಿ ಹಲ್ಲು ಉಜ್ಜಿದ ಕಬ್ಬಿಣದ ಪುಡಿ ಇರುತ್ತದೆ. ಗೇರು ತಯಾರಿಸುವವರು ಸಾಮಾನ್ಯವಾಗಿ ಹೇಳುವುದು ಇದನ್ನೇ. ಮೊದಲ ದಿನವೇ ಹೌಸಿಂಗನ್ನು ಮುಟ್ಟಲಾರದಷ್ಟು ಕಾಯಿಸಿ, ಸೀಲಿನ ರಬ್ಬರು ಸುಟ್ಟು ಗಟ್ಟಿಯಾದ ಮೇಲೆ ಗ್ಯಾರೇಜಿಗೆ ಬಂದು ಕೂಗಾಡಿದರೆ ಏನು ಬಂತು?

ಮೆಕ್ಯಾನಿಕ್‌ಗಳು ಹೇಳುವ ಇನ್ನೊಂದು ಮಾತಿಗೆ ಉತ್ತರ ಕೊಡಬೇಕಾದವರು ಬೇರೆ ಇದ್ದಾರೆ. ರಿಪೇರಿ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ನಮ್ಮ ಊರಿನ ಬಹುಪಾಲು ಮೇಸ್ತ್ರಿಗಳು ಹನ್ನೆರಡು ಹದಿಮೂರರ ವಯಸ್ಸಿಗೇ ಪಾನಾ ಹಿಡಿದು ಬೇರೆ ಮೇಸ್ತ್ರಿಯ ಕೈ ನೋಡಿ ಕಲಿತವರು. ಆ ಮೇಸ್ತ್ರಿ ಸುತ್ತಿಗೆಯಲ್ಲಿ ಸೀಲು ಹೊಡೆದರೆ ಇವರೂ ಹೊಡೆಯುತ್ತಾರೆ. ಗಾಡಿ ಕಂಪನಿಗಳು ನಮ್ಮ ಹಳ್ಳಿಗಳಲ್ಲಿ ಗಾಡಿ ಮಾರಲು ಕನ್ನಡದಲ್ಲಿ ಜಾಹೀರಾತು ಹಾಕುತ್ತವೆ. ಅದೇ ಗಾಡಿ ರಿಪೇರಿ ಮಾಡುವುದು ಹೇಗೆ ಅಂತ ಕನ್ನಡದಲ್ಲಿ ನಾಲ್ಕು ಪುಟ ಅಚ್ಚು ಹಾಕಲು ಆಗುವುದಿಲ್ಲವೇ? ತಾಲ್ಲೂಕಿನ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಇದೆ. ಅಲ್ಲಿನ ಮೇಷ್ಟರುಗಳು ವರ್ಷಕ್ಕೆ ಎರಡು ಭಾನುವಾರ ಊರಿನ ಗ್ಯಾರೇಜಿನವರನ್ನು ಕರೆದು ಇದೊಂದು ಕೆಲಸ ತೋರಿಸಿಕೊಟ್ಟರೆ ಸರಕಾರದ ಬೊಕ್ಕಸ ಬರಿದಾಗುವುದಿಲ್ಲ.

ಹಣ ಕೊಡುವ ಮೊದಲು

ಹಾಗಾದರೆ ಏನು ಮಾಡಬೇಕು? ನಾನು ಹೇಳುವುದು ಕಷ್ಟದ ಕೆಲಸ ಅಲ್ಲ.

ಗೇರು ಬದಲಾಯಿಸಲು ಗಾಡಿ ಬಿಡುವ ಮೊದಲೇ ಮಾತಾಡಿ: ಪಿನಿಯನ್ ಸೀಲು, ಎರಡೂ ಕಡೆ ಆಕ್ಸಲ್ ಸೀಲು, ಪ್ಯಾಕಿಂಗ್, ಪಿನಿಯನ್ ನಟ್ಟು ಎಲ್ಲ ಹೊಸದು. ಫ್ಲೇಂಜಿನ ಕುತ್ತಿಗೆಗೆ ಉಗುರು ಹಾಕಿ ನೋಡಿ ಆಮೇಲೆ ತೀರ್ಮಾನ. ಬಿಚ್ಚಿದ ಹಳೆ ಸೀಲುಗಳನ್ನು ನಿಮ್ಮ ಕೈಗೆ ಕೊಡಬೇಕು. ಏನೇನು ಬದಲಾಯಿಸಿದರು ಅಂತ ಒಂದು ಚೀಟಿಯಲ್ಲಿ ಬರೆದು, ತಾರೀಕು ಹಾಕಿ, ಸಹಿ ಮಾಡಿ ಕೊಡಬೇಕು. 800 ಕಿಲೋಮೀಟರ್ ಆದ ಮೇಲೆ ಆಯಿಲ್ ಬದಲಾಯಿಸಿ, ಡ್ರಮ್ ಬಿಚ್ಚಿ ಒಳಗೆ ಒಣಗಿದೆಯಾ ಅಂತ ನೋಡುವುದೂ ಮೊದಲು ಮಾತಾಡಿದ ಕೂಲಿಯಲ್ಲೇ ಸೇರಬೇಕು. ಆ ಕೂಲಿ ಸ್ವಲ್ಪ ಹೆಚ್ಚಾದರೆ ಕೊಡಿ. ಒಳ್ಳೆ ಕೆಲಸಕ್ಕೆ ಒಳ್ಳೆ ಕೂಲಿ ಕೊಡದ ಊರಿನಲ್ಲಿ ಒಳ್ಳೆ ಮೆಕ್ಯಾನಿಕ್ ಉಳಿಯುವುದಿಲ್ಲ.

ಚೀಟಿ ಯಾಕೆ ಅಂದರೆ, ರಿಪೇರಿಯೂ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಂದು ಸೇವೆ. 2019ರ ಕಾಯ್ದೆಯಲ್ಲಿ ವ್ಯಾಪಾರಕ್ಕೆ ಬಳಸುವವರು ಗ್ರಾಹಕರಲ್ಲ ಅಂತ ಇದೆ, ಆದರೆ ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಮಾತ್ರ ಬಳಸುವವರಿಗೆ ಆ ಅಡ್ಡಿ ಇಲ್ಲ. ತಾನೇ ಓಡಿಸಿ ಬದುಕುವ ಜೀಪಿನವನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ತನಕ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. ಹೋಗಬೇಕು ಅಂತಲ್ಲ. ಕೈಯಲ್ಲಿ ಚೀಟಿ ಇದ್ದರೆ ಹೋಗುವ ಪ್ರಮೇಯವೇ ಬರುವುದು ಕಡಿಮೆ.

ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪಿನವರು ನಿಮ್ಮ ನಿಮ್ಮ ಸ್ಟ್ಯಾಂಡಿನಲ್ಲೇ ಒಂದು ಕಟ್ಟುಪಾಡು ಮಾಡಿಕೊಳ್ಳಿ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಎಫ್‌ಸಿ ವರ್ಷಕ್ಕೊಮ್ಮೆ. ಅದರ ಹಿಂದಿನ ದಿನ ಹೌಸಿಂಗ್ ತೊಳೆದು ಮಿಂಚಿಸಿದರೆ ಇನ್ಸ್‌ಪೆಕ್ಟರ್ ಕಣ್ಣಿಗೆ ಮಣ್ಣೆರಚಬಹುದು, ಇಳಿಜಾರಿನ ಕಣ್ಣಿಗೆ ಆಗುವುದಿಲ್ಲ. ವಾರಕ್ಕೊಂದು ದಿನ, ಗಾಡಿ ಸಾಲಿಗೆ ನಿಲ್ಲಿಸುವ ಮೊದಲು, ನಾಲ್ಕೂ ಚಕ್ರದ ಒಳಬದಿಗೆ ಟಾರ್ಚ್ ಹಾಕಿ ನೋಡಿ. ಒದ್ದೆ ಕಂಡ ಗಾಡಿ ಅವತ್ತು ಬೆಟ್ಟ ಹತ್ತಬಾರದು. ಪಕ್ಕದ ಗಾಡಿಯವನು ನೋಡಿ ಹೇಳಿದರೆ ಜಗಳ ತೆಗೆಯಬೇಡಿ, ಅವನು ಉಪಕಾರ ಮಾಡಿದ್ದಾನೆ.

ಪ್ರವಾಸಕ್ಕೆ ಬರುವವರಿಗೂ ಹೇಳುತ್ತೇನೆ. ಜೀಪು ಹತ್ತುವ ಮೊದಲು ಬಗ್ಗಿ ಒಮ್ಮೆ ಚಕ್ರದ ಒಳಗಡೆ ನೋಡಿ. ಕಪ್ಪಗೆ ಒದ್ದೆಯಾಗಿ, ಮಣ್ಣು ಮೆತ್ತಿಕೊಂಡಿದ್ದರೆ ಬೇರೆ ಗಾಡಿ ಕೇಳಿ. ಯಾರಾದರೂ ನಕ್ಕು "ಜೀಪು ಅಂದ್ಮೇಲೆ ಸೋರಲೇಬೇಕು ಸಾರ್" ಅಂದರೆ ನೀವು ನಗಬೇಡಿ. "ಯಾವಾಗ ಗೇರ್ ಬದಲಾಯಿಸಿದ್ರಿ? ಆಮೇಲೆ ಡ್ರಮ್ ಬಿಚ್ಚಿ ನೋಡಿದ್ರಾ?" ಅಂತ ಕೇಳಿ. ಸರಿಯಾಗಿ ಕೆಲಸ ಮಾಡಿಸಿದವನು ತಾರೀಕು ಸಮೇತ ಹೇಳುತ್ತಾನೆ.